ಮೂರನೇ ಗೇಟಿನ ಲೀಮನ್

ಟಾಲಿವರ್ ಅಖಾಡದಲ್ಲಿ ಗೂಳಿ ಹತ್ತುವವನು ಮನೆಯಿಂದ ಬುತ್ತಿ ಕಟ್ಟಿಕೊಂಡು ಬರಬೇಕು, ಲೀಮನ್ ಗೇಟು ತೆಗೆಯುವಷ್ಟರಲ್ಲಿ ಹೊಟ್ಟೆ ಹಸಿದುಹೋಗುತ್ತದೆ ಎಂದು ಬ್ರಾಜೋಸ್ ಹೊಳೆಯ ಎರಡೂ ದಡದ ಸವಾರರು ಆಡಿಕೊಳ್ಳುತ್ತಾರೆ. ಟೆಕ್ಸಸ್ಸಿನಲ್ಲಿ ಬೇರೆಲ್ಲ ಕಡೆ ಈ ಕೆಲಸ ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ. ಗೂಳಿಯನ್ನು ಅದರ ಮೈಗಷ್ಟೇ ಅಗಲವಿರುವ ಕಬ್ಬಿಣದ ಗೂಡಿಗೆ ನುಗ್ಗಿಸುತ್ತಾರೆ. ಸವಾರ ಮೇಲಿನಿಂದ ಅದರ ಬೆನ್ನಿಗೆ ಇಳಿದು, ಅದರ ಎದೆ ಸುತ್ತಿದ ಹಗ್ಗಕ್ಕೆ ಒಂದು ಕೈ ಬಿಗಿದುಕೊಂಡು, ತಲೆಯನ್ನು ಒಮ್ಮೆ ಕೆಳಕ್ಕೆ ಆಡಿಸುತ್ತಾನೆ. ಅಷ್ಟೇ. ಗೇಟಿನವನು ಎಳೆಯುತ್ತಾನೆ, ಗೂಳಿ ಹೊರಗೆ ಹಾರುತ್ತದೆ. ಎಂಟು ಸೆಕೆಂಡು ಮೇಲೆ ಉಳಿದರೆ ಗೆದ್ದ ಹಾಗೆ. ಲೀಮನ್ ಟಾಲಿವರ್ ಮಾತ್ರ ತಲೆ ಆಡಿಸಿದ್ದಕ್ಕೆಲ್ಲ ಎಳೆಯುವವನಲ್ಲ. "ಬಾಯಲ್ಲಿ ಹೇಳು," ಎನ್ನುತ್ತಾನೆ. ಸವಾರ "ಬಿಡು" ಎನ್ನಬೇಕು. ಅದೂ ಒಂದು ಸಲ ಸಾಲದು.

"ಏನ್ ಲೀಮನ್ನು, ಅರ್ಜಿ ಬರ್ದು ರುಜು ಹಾಕಿ ಕೊಡ್ಲಾ?" ಎಂದು ಗೂಳಿಯ ಬೆನ್ನಿನ ಮೇಲಿಂದ ಒಬ್ಬ ಕೂಗುತ್ತಾನೆ.

"ಪಾದ್ರಿಗಳ ಸಾಕ್ಷೀನೂ ಬೇಕಂತೆ ಕಣೋ," ಎಂದು ಪಕ್ಕದ ಗೂಡಿನವನು ಒಗ್ಗರಣೆ ಹಾಕುತ್ತಾನೆ.

ಲೀಮನ್ ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಸವಾರನ ಮುಖವನ್ನೇ ನೋಡುತ್ತ, "ಇನ್ನೊಂದ್ ಸಲ ಹೇಳು," ಎನ್ನುತ್ತಾನೆ. ಅವನಿಗೆ ಐವತ್ತೊಂದು. ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಾನೆ, ಭಾನುವಾರ ಗೇಟು. ಬಸ್ಸಿನಲ್ಲೂ ಅದೇ ಕಥೆ, ಕೊನೆಯ ಮಗು ಕೂತಿತೋ ಇಲ್ಲವೋ ಎಂದು ಮೂರು ಸಲ ಕನ್ನಡಿ ನೋಡದೆ ಗಾಡಿ ಕದಲುವುದಿಲ್ಲ. ಈ ನಿಧಾನ ಅವನ ಹುಟ್ಟುಗುಣವೆಂದು ಈಗಿನ ಹುಡುಗರು ತಿಳಿದಿದ್ದಾರೆ. ಹಳಬರಿಗೆ ಗೊತ್ತು, ಒಂದು ಕಾಲಕ್ಕೆ ಆ ಜಿಲ್ಲೆಯಲ್ಲೇ ಅವನಷ್ಟು ಚುರುಕಾಗಿ ಗೇಟು ಎಳೆಯುವವನು ಇನ್ನೊಬ್ಬನಿರಲಿಲ್ಲ. ಅವನಿಗೆ ಅದರ ಜಂಬವೂ ಇತ್ತು.

ಅಖಾಡ ಕಟ್ಟಿದವನು ಅವನ ಅಪ್ಪ ಥಾಡಿಯಸ್. ಹಿಂದೆ ಪೇಟೆಯ ರೋಡಿಯೊಗಳಲ್ಲಿ, ಅಂದರೆ ಈ ಗೂಳಿಯಾಟಗಳಲ್ಲಿ, ಕರಿಯರಿಗೆ ಗೂಳಿ ಹತ್ತಲು ಬಿಡುತ್ತಿದ್ದುದು ಆಟವೆಲ್ಲ ಮುಗಿದು ಬಿಳಿಯರು ಕಾರು ಹತ್ತಿ ಹೊರಟ ಮೇಲೆ. ಥಾಡಿಯಸ್ ಹನ್ನೊಂದು ವರ್ಷ ಖಾಲಿ ಬೆಂಚುಗಳಿಗೆ ಆಟ ತೋರಿಸಿದ. ಕೊನೆಗೆ ತಲೆಕೆಟ್ಟು, ಹೊಳೆಯ ತಗ್ಗಿನಲ್ಲಿ ಒಂದು ತುಂಡು ನೆಲ ಹಿಡಿದು, ಎಣ್ಣೆಬಾವಿಯವರು ಎಸೆದ ಕೊಳವೆಗಳನ್ನು ಹೊತ್ತು ತಂದು ತಾನೇ ಬೆಸೆದು ಬೇಲಿ ಹಾಕಿದ. "ನಮ್ಮೋರು ಹತ್ತೋವಾಗ ನೋಡೋಕೆ ಜನ ಇರ್ಬೇಕು," ಎನ್ನುವುದಷ್ಟೇ ಅವನ ಹಟ. ಅವನ ಅಜ್ಜ ಗುಲಾಮನಾಗಿ ಧಣಿಯ ದನ ಕಾದು, ಬಿಡುಗಡೆಯಾದ ಮೇಲೆ ಕೂಲಿಗೆ ಅದೇ ದನಗಳನ್ನು ಉತ್ತರಕ್ಕೆ ತಿಂಗಳುಗಟ್ಟಲೆ ಹೊಡೆದುಕೊಂಡು ಹೋದವನು. ಆ ಹಾದಿಯ ಒಂದು ತುಣುಕಿನಲ್ಲಿ ಈಗಲೂ ಪ್ರತಿ ಜೂನ್ ಹತ್ತೊಂಬತ್ತರ ಬಿಡುಗಡೆ ಹಬ್ಬಕ್ಕೆ ಮೂರು ದಿನದ ಸವಾರಿ ಹೊರಡುತ್ತದೆ. ಕುದುರೆ, ಬಂಡಿ, ಹೆಂಗಸರು, ಮಕ್ಕಳು, ಎಲ್ಲ ಸೇರಿ ಇನ್ನೂರು ಜನ. ಶನಿವಾರ ಸಂಜೆ ಅಖಾಡ ಮುಟ್ಟಿದರೆ ಭಾನುವಾರ ಮಧ್ಯಾಹ್ನ ರೋಡಿಯೊ.

ಥಾಡಿಯಸ್ ಇನ್ನೊಂದು ಪದ್ಧತಿಯನ್ನೂ ಹಾಕಿಕೊಟ್ಟ. ಹಬ್ಬದ ಆ ಭಾನುವಾರ ಆಟ ಶುರುವಾಗುವ ಮೊದಲು ಆ ವರ್ಷ ತೀರಿಕೊಂಡ ಸವಾರರ ಹೆಸರುಗಳನ್ನು ಮೈಕಿನಲ್ಲಿ ಕರೆಯುತ್ತಾರೆ. ಒಂದೊಂದು ಹೆಸರಿಗೂ ಒಂದು ಖಾಲಿ ಗೂಡಿನ ಗೇಟು ತೆಗೆಯುತ್ತಾರೆ. ಒಳಗಿನಿಂದ ಏನೂ ಬರುವುದಿಲ್ಲ. ಎಲ್ಲರೂ ಟೋಪಿ ತೆಗೆದು ಎದೆಗೆ ಹಿಡಿದು ಎಂಟು ಸೆಕೆಂಡು ಆ ಖಾಲಿ ಮಣ್ಣನ್ನು ನೋಡುತ್ತಾರೆ. ಎಂಟು ಕಳೆದ ಮೇಲೆ ಗೆದ್ದವನಿಗೆ ಹೊಡೆಯುವ ಹಾಗೆ ಕೇಕೆ, ಚಪ್ಪಾಳೆ. ಸತ್ತವನಿಗೂ ಒಂದು ಸವಾರಿ ಸಲ್ಲಬೇಕು ಎಂದು ಥಾಡಿಯಸ್ಸನ ವಾದ. ಅಖಾಡದ ಒಳಗೇ ಪ್ರಾಣ ಬಿಟ್ಟವನಿದ್ದರೆ ಅವನ ಹೆಸರನ್ನು ಪ್ರತಿ ವರ್ಷವೂ ಕರೆಯಬೇಕು. ಹಾಗೆ ಸತ್ತವನು ಈವರೆಗೆ ಒಬ್ಬನೇ, ಥಾಡಿಯಸ್ಸನ ಹಿರಿಯ ಮಗ ಡೆಲ್ಬರ್ಟ್. ಅವನದು ಮೂರನೇ ಗೂಡು. ಇಪ್ಪತ್ತೆರಡು ವರ್ಷಗಳಿಂದ ಅವನ ಹೆಸರಿಗೆ ಗೇಟು ಎಳೆಯುತ್ತಿರುವವನು ತಮ್ಮ ಲೀಮನ್.

ಡೆಲ್ಬರ್ಟ್ ಸತ್ತ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಗಿತ್ತು. ಡೆಲ್ಬರ್ಟನಿಗೆ ಆಗ ಮೂವತ್ತೆರಡು, ಮನೆಯಲ್ಲಿ ವರ್ಷ ತುಂಬಿದ ಮಗಳು. ಮರದ ಮಿಲ್ಲಿನ ಕೆಲಸ ಬಿಟ್ಟು ಗೂಳಿಗಳ ಹಿಂದೆ ಊರೂರು ಅಲೆಯುತ್ತಿದ್ದ. ತಾಯಿ ಆರ್ಡೀಲಿಯಾ ಜೋಳದ ರೊಟ್ಟಿಯ ಬಾಣಲೆಯನ್ನು ಕೈಯಲ್ಲಿ ಹಿಡಿದೇ ಬೈದಳು.

"ಇಲ್ಲಿ ಮಗು ಹಾಲಿಗೆ ಅಳುತ್ತೆ, ನಿಂಗೆ ಗೂಳಿ ಚಿಂತೆ. ಹೋಗೋದಾದ್ರೆ ಬೇಗ ಹೋಗು, ನನ್ ಕಣ್ಮುಂದೆ ನಿಲ್ಬೇಡ."

ಇಂಥ ಮಾತು ಆಡದ ತಾಯಿ ಯಾರಿದ್ದಾಳೆ, ಹೇಳಿ. ಡೆಲ್ಬರ್ಟ್ ಟೋಪಿ ಎತ್ತಿಕೊಂಡು ಹೊರಟ. ರೊಟ್ಟಿ ಮುಟ್ಟಲಿಲ್ಲ.

ಮಧ್ಯಾಹ್ನ ಮೂರನೇ ಗೂಡಿನಲ್ಲಿ ಬೂದಿ ಬಣ್ಣದ ಗೂಳಿ ನಿಂತಿತ್ತು. ಡೆಲ್ಬರ್ಟ್ ಅದರ ಮೇಲೆ ಇಳಿದು ಕೂತಿದ್ದ. ಅವನ ಗೆಳೆಯ ಕ್ಲಿಯನ್ ಗೂಡಿನ ಅಂಚಿನ ಮೇಲೆ ಕೂತು ಹಗ್ಗ ಬಿಗಿದು ಕೊಟ್ಟು, ಗೂಳಿಯ ಬಾಲ ಸರಿಮಾಡಲು ಆಚೆ ಮುಖ ಮಾಡಿ ಹಿಂದಕ್ಕೆ ಬಾಗಿದ್ದ. ಲೀಮನ್ ಗೇಟಿನ ಹಗ್ಗ ಹಿಡಿದು ನಿಂತಿದ್ದ. ತನ್ನ ಕೈ ಎಷ್ಟು ಚುರುಕೆಂದು ಜನ ನೋಡಲಿ ಎಂದು ಕಾಯುತ್ತಿದ್ದ. ಡೆಲ್ಬರ್ಟನ ದೊಡ್ಡ ಟೋಪಿ ಕೆಳಕ್ಕೆ ಬಾಗಿತು. ಲೀಮನ್ ಎಳೆದ.

ಡೆಲ್ಬರ್ಟ್ ತಲೆ ಆಡಿಸಿರಲಿಲ್ಲ. ಗೂಳಿ ಹತ್ತುವವರು ಕೈಯ ಗ್ಲೌಸು ಕಳಚದಂತೆ ಮಣಿಕಟ್ಟಿಗೆ ತೊಗಲಿನ ದಾರ ಸುತ್ತುತ್ತಾರೆ. ಇನ್ನೊಂದು ಕೈ ಬೇಲಿ ಹಿಡಿದಿರುವುದರಿಂದ ಆ ದಾರವನ್ನು ಹಲ್ಲಿನಿಂದ ಕಚ್ಚಿ ಬಿಗಿಯುತ್ತಾರೆ. ಅವನು ಬಾಗಿದ್ದು ದಾರ ಕಚ್ಚಲು. ಗೇಟು ಸಿಡಿದು ತೆರೆದಾಗ ಅವನ ಬಾಯಲ್ಲಿ ದಾರವಿತ್ತು. ಕಚ್ಚಿದ ಹಲ್ಲಿನ ನಡುವಿನಿಂದಲೇ "ತಡಿ" ಎಂದ. ಆ ಮಾತು ಲೀಮನ್ನನಿಗೆ ಕೇಳಿಸಿತು. ಇನ್ನು ಯಾರಿಗೂ ಕೇಳಿಸಲಿಲ್ಲ. ಎರಡನೇ ಜಿಗಿತಕ್ಕೆ ಡೆಲ್ಬರ್ಟ್ ಒಂದು ಪಕ್ಕಕ್ಕೆ ಜಾರಿದ. ಅರ್ಧ ಬಿಗಿದ ಕೈ ಹಗ್ಗದಲ್ಲಿ ಸಿಕ್ಕಿಕೊಂಡಿತು. ಮುಂದಿನದನ್ನು ನೋಡಿದವರು ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

"ಅವ್ನು ರೆಡಿ ಇರ್ಲಿಲ್ವಲ್ಲೋ!" ಎಂದು ಕ್ಲಿಯನ್ ಮಣ್ಣಿನಲ್ಲಿ ಮೊಣಕಾಲೂರಿ ಚೀರಿದ. "ತಲೆ ಆಡಿಸಿದ್ನೇನೋ?"

"ಆಡಿಸ್ದ," ಎಂದ ಲೀಮನ್.

ಒಂದೇ ಮಾತು. ಯೋಚಿಸಿ ಆಡಿದ್ದಲ್ಲ, ಬೆಂಕಿ ತಗುಲಿದ ಕೈ ಹಿಂದಕ್ಕೆ ಬರುವ ಹಾಗೆ ಬಂದದ್ದು. ಆದರೆ ಆ ಮಾತು ಅಲ್ಲಿಂದ ನಡೆದುಕೊಂಡು ಹೋಯಿತು. ಪೊಲೀಸಿನವನ ಕಾಗದದಲ್ಲಿ ಕೂತಿತು, ಚರ್ಚಿನಲ್ಲಿ ಪಾದ್ರಿಗಳ ಬಾಯಲ್ಲಿ ಕೂತಿತು. ಸಂಜೆಯ ಹೊತ್ತಿಗೆ ಮನೆಗೂ ಬಂತು. ಕೈ ಬಿಗಿಯುವ ಮೊದಲೇ ತಲೆ ಆಡಿಸಿದನಂತೆ, ಏನು ಅವಸರವಿತ್ತೋ ಎಂದು ಜನ ಅಂದಾಗ ಆರ್ಡೀಲಿಯಾ ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಸರ ಏನಿತ್ತೆಂದು ಆಕೆಗೆ ಗೊತ್ತಿತ್ತು. ಬೇಗ ಹೋಗು ಎಂದವಳು ತಾನೇ.

ಲೀಮನ್ ನಾಳೆ ಹೇಳೋಣ ಎಂದುಕೊಂಡ. ಮಣ್ಣು ಮಾಡುವುದು ಮುಗಿಯಲಿ ಎಂದುಕೊಂಡ. ಅಪ್ಪ ಸ್ವಲ್ಪ ಚೇತರಿಸಿಕೊಳ್ಳಲಿ ಎಂದುಕೊಂಡ. ಮುಂದಿನ ತಿಂಗಳೇ ಅಪ್ಪ ಅವನನ್ನು ಗೇಟಿಗೆ ನಿಲ್ಲಿಸಿದ. "ಈಗ ಹಿಂದೆಗೆದ್ರೆ ಜನ್ಮದಲ್ಲಿ ಇದರ ಹತ್ರ ಬರಲ್ಲ ನೀನು. ಹಿಡಿ ಹಗ್ಗ," ಎಂದ. ಲೀಮನ್ ಹಿಡಿದ. ಅಂದಿನಿಂದಲೇ ಬಾಯಲ್ಲಿ ಹೇಳಿಸುವ ಚಾಳಿ ಶುರುವಾಯಿತು. ಅಣ್ಣನಿಗಾಗಿ ದುಃಖಪಡುತ್ತಿದ್ದಾನೆ, ಪಾಪ, ಎಂದು ಊರು ಅಂದಿತು.

ಡೆಲ್ಬರ್ಟ್ ಅಲ್ಲಿಂದ ಹೋಗಲಿಲ್ಲ. ಇದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ಲೀಮನ್ ನಂಬಿಸಲು ಹೊರಟವನಲ್ಲ. ಕತ್ತಲಲ್ಲಿ ಅಂಜಿಸುವ ದೆವ್ವವಲ್ಲ ಅದು. ನೆತ್ತಿ ಸುಡುವ ಬಿಸಿಲಲ್ಲಿ, ಅಖಾಡದಲ್ಲಿ ನರಪಿಳ್ಳೆ ಇಲ್ಲದಿರುವಾಗ, ಗೇಟಿನ ತಿರುಗಣಿಗೆ ಎಣ್ಣೆ ಬಿಡಲು ಹೋದರೆ ಮೂರನೇ ಗೂಡಿನಲ್ಲಿ ಕೂತಿರುತ್ತಿದ್ದ. ಕೆಳಗೆ ಗೂಳಿ ಇಲ್ಲ, ಆದರೂ ಕೂತ ಭಂಗಿ ಅದೇ. ತಲೆ ಬಗ್ಗಿದೆ. ಕಾಣುವುದು ಟೋಪಿಯ ನೆತ್ತಿ, ಅದರ ಬಿಳಿಚಿಕೊಂಡ ಬೆವರಿನ ಪಟ್ಟಿ. ಲೀಮನ್ನನನ್ನು ಎಲ್ಲಕ್ಕಿಂತ ಹೆಚ್ಚು ಕೊಂದದ್ದು ಇದು, ಅವನಿಗೆ ಅಣ್ಣನ ಮುಖ ಮರೆತುಹೋಗಿತ್ತು. ಗೋಡೆಯ ಮೇಲೆ ಪಟವಿತ್ತು, ಪಟದಲ್ಲಿ ಯಾರೋ ಒಬ್ಬ ಮೀಸೆಯವನಿದ್ದ. ಕಣ್ಣು ಮುಚ್ಚಿದರೆ ಬರುತ್ತಿದ್ದುದು ಟೋಪಿಯ ನೆತ್ತಿ ಮಾತ್ರ. ಒಂದು ಸಲ ಬೇಲಿ ದಾಟಿ ಗೂಡಿನೊಳಗೆ ಇಳಿದು ಕೆಳಗಿನಿಂದ ಆ ಮುಖ ನೋಡೋಣವೆಂದು ಹೊರಟು, ಅರ್ಧ ಹತ್ತಿ ಇಳಿದುಬಿಟ್ಟ.

ಮದುವೆಯೂ ಆಗಿತ್ತು. ನಾಲ್ಕು ವರ್ಷ ಬಾಳಿದ ಹೆಂಡತಿ ಒಂದು ದಿನ ಪೆಟ್ಟಿಗೆ ಕಟ್ಟಿದಳು. "ಈ ಮನೇಲಿ ನಾನೊಬ್ಳು, ನೀವಿಬ್ರು ಅಣ್ತಮ್ಮಂದಿರು. ಮೂರು ಜನರ ಸಂಸಾರ ನನ್ ಕೈಲಾಗಲ್ಲ," ಎಂದು ಹೇಳಿ ಹೋದಳು. ಜಾಣೆ, ಕೇಳದೆಯೇ ಅರ್ಧ ತಿಳಿದುಕೊಂಡಿದ್ದಳು.

ಡೆಲ್ಬರ್ಟನ ಹೆಂಡತಿ ಬೇರೆ ಮದುವೆಯಾಗಿ ಡಲ್ಲಾಸ್ ಕಡೆ ಹೋದಳು. ಮಗಳು ರೆನೆಟ್ಟಾ ಅಜ್ಜಿಯ ಹತ್ತಿರವೇ ಬೆಳೆದಳು. ಅಜ್ಜಿಗೆ ಆಕೆಯೇ ಜೀವ, ಆದರೂ ಆಕೆಯ ಮುಖ ನೋಡಿದಾಗೆಲ್ಲ ಮುದುಕಿ ಒಂದು ಗಳಿಗೆ ಬೇರೆ ಕಡೆ ತಿರುಗುತ್ತಿದ್ದಳು. ಥಾಡಿಯಸ್ ಬದುಕಿರುವವರೆಗೂ ಸಿಟ್ಟು ಬಂದಾಗ ಆ ಬೆಳಗಿನ ಮಾತನ್ನು ಹೆಂಡತಿಯ ಮುಖಕ್ಕೆ ಎತ್ತಿ ಎಸೆಯುತ್ತಿದ್ದ. ಲೀಮನ್ ಆಗ ತಟ್ಟೆಯಿಂದ ಎದ್ದು ಹೊರಗೆ ಹೋಗುತ್ತಿದ್ದ. ಮಾರನೆಯ ದಿನ ಅಮ್ಮನಿಗೆ ಪೇಟೆಯಿಂದ ಪೀಚ್ ಹಣ್ಣು ತಂದು ಕೊಡುತ್ತಿದ್ದ. ಹೇಡಿತನಕ್ಕೂ ಹಲವು ವೇಷಗಳಿರುತ್ತವೆ.

ಈ ವರ್ಷದ ಸವಾರಿಯಲ್ಲಿ ಎಂಬತ್ತು ದಾಟಿದ ಆರ್ಡೀಲಿಯಾ ಬಂಡಿಯಲ್ಲಿ ಕೂತು ಬಂದಳು. ಶನಿವಾರ ಮಧ್ಯಾಹ್ನ ಹಳ್ಳದ ದಡದ ಪೆಕಾನ್ ಮರಗಳ ಕೆಳಗೆ ತಂಗಿದರು. ಒಂದು ಕಡೆ ಹೊಗೆಯಲ್ಲಿ ಬೆಂದ ಮಾಂಸ ಕೊಯ್ಯುತ್ತಿದ್ದರು, ಮಕ್ಕಳು ಕೆಂಪು ಸೋಡಾ ಕುಡಿದು ನಾಲಿಗೆ ತೋರಿಸಿಕೊಂಡು ಓಡಾಡುತ್ತಿದ್ದರು, ಯಾರದೋ ಲಾರಿಯಿಂದ ಅಕಾರ್ಡಿಯನ್ನಿನ ಹಾಡು ಬರುತ್ತಿತ್ತು. ಆರ್ಡೀಲಿಯಾ ಮಗನನ್ನು ಕರೆದಳು.

"ಲೀಮನ್, ಇಲ್ಲಿ ಬಾ. ಕೂತ್ಕೋ."

"ಕುದ್ರೆಗೆ ನೀರು ಕುಡ್ಸಿ ಬರ್ತೀನಮ್ಮ."

"ಕುದ್ರೆ ಏನೂ ಸಾಯಲ್ಲ. ಕೂತ್ಕೋ ಅಂದೆ." ಅವನು ಬಂಡಿಯ ಅಂಚಿಗೆ ಕೂತ. "ನಾಳೆ ಹೆಸ್ರು ಕರೆಯೋದು ನಾನು."

"ಯಾವಾಗ್ಲೂ ಕ್ಲಿಯನ್ ತಾನೆ ಕರೆಯೋದು?"

"ಈ ಸಲ ನಾನು. ಬರೋ ಜೂನಿಗೆ ಇರಲ್ಲ ಅಂತ ಡಾಕ್ಟ್ರು ಹೇಳಿದ್ದು ನಿನ್ ಮುಂದೇನೇ ಅಲ್ವಾ. ಹೆಸ್ರು ಕರ್ದು, ಎಲ್ರ ಎದುರಿಗೆ ಅವನ ಹತ್ರ ಕ್ಷಮೆ ಕೇಳ್ತೀನಿ. ನನ್ ಬಾಯಿಂದ ಬಂದ ಮಾತಿಗೆ ಅವ್ನು ಕೈ ಬಿಗಿಯೋಕೂ ಮುಂಚೆ ತಲೆ ಆಡಿಸ್ದ. ಇಷ್ಟು ವರ್ಷ ದೇವರ ಹತ್ರ ಕೇಳ್ದೆ. ಅವನ ಹತ್ರ ಕೇಳೋಕೆ ಧೈರ್ಯ ಬರ್ಲಿಲ್ಲ."

"ಎಲ್ರ ಮುಂದೆ ಯಾಕಮ್ಮ?"

"ಬೆನ್ನ ಹಿಂದೆ ಎಲ್ರೂ ನನ್ನೇ ಅಂದಿದ್ದಾರಲ್ಲ, ಅದಕ್ಕೆ."

ಲೀಮನ್ನನ ಗಂಟಲಿಗೆ ಮಾತು ಬಂತು. ನಿಜವಾಗಿಯೂ ಬಂತು, ಅಮ್ಮ ಎಂದು ಬಾಯಿ ತೆರೆದ. ಅಷ್ಟರಲ್ಲಿ ರೆನೆಟ್ಟಾ ಮಾಂಸದ ತಟ್ಟೆ ಹಿಡಿದು ಬಂದಳು. ಇಪ್ಪತ್ಮೂರರ ಹುಡುಗಿ, ದನದ ಡಾಕ್ಟರ ಹತ್ತಿರ ಕೆಲಸ, ಬೂಟಿನ ತುಂಬ ಧೂಳು.

"ಅಜ್ಜಿ, ತಗೋ, ಸೀದು ಕರ್ರಗಾಗಿರೋ ಅಂಚೇ ನಿಂಗೆ ಅಂತ ಜಗಳ ಆಡಿ ತಂದಿದ್ದೀನಿ. ಚಿಕ್ಕಪ್ಪ, ನಾಳೆ ನಂದು ಮೊದಲನೇ ಸವಾರಿ. ಮೂರನೇ ಗೂಡು ಕೇಳಿ ತಗೊಂಡೆ."

"ಆ ಗೂಡಿಗೆ ಗೂಳಿ ಬಿಡಲ್ಲ," ಎಂದ ಲೀಮನ್.

"ಗೂಡು ಅದು, ಗೋರಿ ಅಲ್ಲ. ಅಪ್ಪ ಹೊರಗೆ ಬಂದ ದಾರೀಲೇ ನಾನೂ ಬರ್ಬೇಕು ಅಂತ ಆಸೆ. ಅಜ್ಜಿ ಹೂಂ ಅಂದಾಯ್ತು."

"ಬೇಡ ಕಣಮ್ಮ."

"ಯಾಕಿಷ್ಟು ಹೆದರ್ತೀಯ? ಗೇಟಲ್ಲಿ ನೀನೇ ತಾನೆ ಇರೋದು. ನಿನ್ನಷ್ಟು ಹುಷಾರಾದೋರು ಈ ಟೆಕ್ಸಸ್ಸಲ್ಲಿ ಯಾರಿದ್ದಾರೆ?" ಎಂದು ಅವನ ಭುಜಕ್ಕೆ ಗುದ್ದಿ ಹೋದಳು.

ಅಮ್ಮ ಮಾಂಸ ಚೀಪುತ್ತ ನಗುತ್ತಿದ್ದಳು. ಆ ನಗು ಕೆಡಿಸಲು ಲೀಮನ್ನನಿಗೆ ಮನಸ್ಸು ಬರಲಿಲ್ಲ ಎಂದು ಹೇಳಿದರೆ ಅವನನ್ನು ಒಳ್ಳೆಯವನನ್ನಾಗಿ ಮಾಡಿದ ಹಾಗಾಗುತ್ತದೆ. ಅವನಿಗೆ ಹೆದರಿಕೆಯಾಯಿತು, ಎದ್ದು ಕುದುರೆಯ ಹತ್ತಿರ ಹೋದ. ಮುಂದಿನ ಆರು ಮೈಲಿ ಎಲ್ಲರಿಗಿಂತ ಹಿಂದೆ ಒಬ್ಬನೇ ಬಂದ.

ಭಾನುವಾರ ಮೂರು ಗಂಟೆಗೆ ಬೆಂಚುಗಳು ಭರ್ತಿಯಾಗಿದ್ದವು. ಗೂಡುಗಳ ನೆತ್ತಿಯ ಮೇಲೆಯೇ ಹಲಗೆಯ ಅಟ್ಟ, ಅಲ್ಲಿ ಕುರ್ಚಿ ಹಾಕಿ ಆರ್ಡೀಲಿಯಾಳನ್ನು ಕೂರಿಸಿ ಕ್ಲಿಯನ್ ಮೈಕು ಹಿಡಿದುಕೊಟ್ಟ. ಆಕೆ ಚರ್ಚಿಗೆ ಹಾಕುವ ಬಿಳಿಯ ಟೋಪಿ ಹಾಕಿದ್ದಳು. ಮೊದಲು ಆ ವರ್ಷದ ಇಬ್ಬರ ಹೆಸರು ಕರೆದಳು. ಬೇರೆಯವರು ಒಂದನೇ ಗೇಟು, ಎರಡನೇ ಗೇಟು ತೆಗೆದರು. ಮೌನ, ಆಮೇಲೆ ಕೇಕೆ. ರೆನೆಟ್ಟಾ ಗ್ಲೌಸು ಹಾಕಿಕೊಂಡು ಬೇಲಿಯ ಪಕ್ಕ ನಿಂತಿದ್ದಳು. ಲೀಮನ್ ಮೂರನೇ ಗೇಟಿನ ಹಗ್ಗ ಹಿಡಿದು ನಿಂತ. ಒಳಗೆ ಡೆಲ್ಬರ್ಟ್ ಕೂತಿದ್ದ, ತಲೆ ಬಗ್ಗಿಸಿಕೊಂಡು.

"ಡೆಲ್ಬರ್ಟ್ ಟಾಲಿವರ್," ಎಂದಳು ಆರ್ಡೀಲಿಯಾ. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. "ಮಗನೇ, ನಿನ್ನ ಅಮ್ಮ ಮಾತಾಡ್ತಿದ್ದೀನಿ. ಆವತ್ತು ಬೆಳಿಗ್ಗೆ ನಾನು ನಿಂಗೆ ಒಂದು ಮಾತಂದೆ. ಬೇಗ ಹೋಗು ಅಂದೆ. ನೀನು ಯಾವತ್ತೂ ನನ್ನ ಮಾತು ಕೇಳ್ದೋನಲ್ಲ, ಅದೊಂದನ್ನ ಕೇಳ್ದೆ..."

"ಅಮ್ಮ, ಸಾಕು," ಎಂದ ಲೀಮನ್.

ಆಕೆಗೆ ಕೇಳಿಸಲಿಲ್ಲ. "ನಿನ್ನ ಸಾವು ನನ್ನ ಬಾಯಿಂದ..."

"ಅಮ್ಮ! ಅವ್ನು ತಲೆ ಆಡಿಸ್ಲಿಲ್ಲ!"

ಈ ಸಲ ಮೈಕಿಗೇ ಕೇಳಿಸಿತು, ಮೈಕಿನಿಂದ ಎಲ್ಲರಿಗೂ. ಬೆಂಚುಗಳ ಮೇಲೆ ಬೀಸಣಿಗೆಗಳು ನಿಂತವು. ಲೀಮನ್ ಹಗ್ಗ ಬಿಡದೆ ಮೇಲಕ್ಕೆ ಮುಖ ಎತ್ತಿದ್ದ. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಅವನಿಗೇ ಆಗಲಿಲ್ಲ.

"ಅವ್ನು ದಾರ ಕಚ್ಚೋಕೆ ಬಗ್ಗಿದ್ದ. ತಡಿ ಅಂದ. ನಂಗೆ ಕೇಳಿಸ್ತು. ನಾನು ಆಗ್ಲೇ ಎಳ್ದಿದ್ದೆ. ನಿನ್ ಮಾತಿಂದ ಏನೂ ಆಗಿಲ್ಲಮ್ಮ. ಅವನಿಗೆ ಅವಸರ ಇರ್ಲಿಲ್ಲ. ಅವಸರ ಇದ್ದಿದ್ದು ನಂಗೆ."

ಆರ್ಡೀಲಿಯಾ ಅಟ್ಟದ ಅಂಚಿನಿಂದ ಮಗನನ್ನು ನೋಡಿದಳು. ಕ್ಲಿಯನ್ ಮೈಕು ತೆಗೆದುಕೊಳ್ಳಲು ಕೈ ಚಾಚಿದಾಗ ಅವನ ಕೈ ತಳ್ಳಿದಳು.

"ನಂಗ್ಯಾಕೆ ಹೇಳ್ತೀಯ?" ಎಂದಳು. "ಅವನಿಗೆ ಹೇಳು."

ಲೀಮನ್ ಗೂಡಿನ ಕಡೆ ತಿರುಗಿದ. ಕೊಳವೆಗಳು, ಮಣ್ಣು, ಒಣಗಿದ ಸಗಣಿ, ಸರಳಿನ ನೆರಳು. ಡೆಲ್ಬರ್ಟ್ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಲ್ಲಿ ಯಾರೂ ಇರಲಿಲ್ಲ. ಹಗುರವಾಗಬೇಕಿತ್ತು, ಆಗಲಿಲ್ಲ. ಇಷ್ಟು ದಿನ ಜೊತೆಗಿದ್ದವನು ಹೇಳದೆ ಎದ್ದುಹೋದ ಹಾಗೆ ಅವನಿಗೆ ದುಃಖ ಉಕ್ಕಿತು. ಆದರೂ ಹೇಳಿದ.

"ಅಣ್ಣ, ನಾನು ಬೇಗ ಎಳ್ದೆ. ಆಮೇಲೆ ಸುಳ್ಳು ಹೇಳ್ದೆ. ತಪ್ಪು ಅಮ್ಮನ ಮೇಲೆ ಹೋಗೋಕೆ ಬಿಟ್ಟೆ."

ಗೇಟು ಎಳೆದ. ಎಣ್ಣೆ ಕುಡಿದ ತಿರುಗಣಿ ಸದ್ದಿಲ್ಲದೆ ತಿರುಗಿತು. ಜನ ಟೋಪಿ ಎದೆಗೆ ಹಿಡಿದು ನಿಂತರು. ಎಂಟು ಸೆಕೆಂಡು ಕಳೆಯಿತು, ಹತ್ತೂ ಕಳೆಯಿತು. ಕೇಕೆ ಹಾಕಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬಳು ಮುದುಕಿ, "ಡೆಲ್ಬರ್ಟ್!" ಎಂದು ಕೂಗಿ ಚಪ್ಪಾಳೆ ತಟ್ಟಿದಳು. ಆಗ ಎಲ್ಲರೂ ತಟ್ಟಿದರು.

ಮೂರನೇ ಗೂಡಿಗೆ ಕರಿಯ ಗೂಳಿಯನ್ನು ನುಗ್ಗಿಸಿದರು. ಆಟವೆಂದರೆ ಆಟ, ಯಾರ ಎದೆ ಒಡೆದರೂ ನಿಲ್ಲುವುದಿಲ್ಲ. ರೆನೆಟ್ಟಾ ಬೇಲಿ ಹತ್ತಿ, ಗೂಳಿಯ ಬೆನ್ನಿನ ಎರಡೂ ಕಡೆ ಸರಳಿನ ಮೇಲೆ ಕಾಲಿಟ್ಟು ನಿಂತು, ಇನ್ನೂ ಕೂರದೆ ಚಿಕ್ಕಪ್ಪನನ್ನು ನೋಡಿದಳು. ಅವಳ ಮುಖ ಗಟ್ಟಿಯಾಗಿತ್ತು.

"ಚಿಕ್ಕಪ್ಪ, ನೀನು ಮೇಲೆ ಹೋಗಿ ಅಜ್ಜಿ ಹತ್ರ ಕೂತ್ಕೋ," ಎಂದಳು. "ಗೇಟಿಗೆ ಕ್ಲಿಯನ್ ಮಾಮ ಬರ್ಲಿ."

ಅದು ಕನಿಕರವೋ, ಇನ್ನು ನಿನ್ನ ಕೈಗೆ ನನ್ನ ಜೀವ ಕೊಡುವುದಿಲ್ಲವೆಂದೋ ಲೀಮನ್ನನಿಗೆ ತಿಳಿಯಲಿಲ್ಲ. ಕೇಳುವ ಹಕ್ಕೂ ತನಗಿಲ್ಲವೆಂದು ಹಗ್ಗವನ್ನು ಕ್ಲಿಯನ್ನನ ಕೈಗಿಟ್ಟ. ಕ್ಲಿಯನ್ ಅವನ ಮುಖ ನೋಡದೆ ತೆಗೆದುಕೊಂಡ. ಲೀಮನ್ ಅಟ್ಟದ ಮೆಟ್ಟಿಲು ಹತ್ತಿ ಅಮ್ಮನ ಕುರ್ಚಿಯ ಪಕ್ಕ ಹಲಗೆಯ ಮೇಲೆ ಕೂತ. ಕೆಳಗೆ ರೆನೆಟ್ಟಾ ತಲೆ ಆಡಿಸಿದಳು, ಗೇಟು ತೆರೆಯಿತು. ಐದು ಸೆಕೆಂಡು ಕೂತಳು, ಆರನೆಯದಕ್ಕೆ ಮಣ್ಣಿಗೆ ಬಿದ್ದಳು, ಉರುಳಿ ಎದ್ದು ಓಡಿ ಬೇಲಿ ಹತ್ತಿದಳು. ಮೊಣಕೈ ತರಚಿತ್ತು, ಅಷ್ಟೇ. ಜನ ಕುಣಿದಾಡಿದರು. ಅಜ್ಜಿಯೂ ಎರಡು ಸಲ ಚಪ್ಪಾಳೆ ತಟ್ಟಿ, ಕೈಗಳನ್ನು ಮಡಿಲಿಗೆ ಇಳಿಸಿದಳು. ಮೈಕು ಆರಿಸಿ ಪಕ್ಕಕ್ಕಿಟ್ಟಳು.

"ಅಮ್ಮ, ಬೈಯಮ್ಮ," ಎಂದ ಲೀಮನ್. "ಏನಾದ್ರೂ ಅನ್ನು."

"ಅನ್ನೋಕೇನಿದೆ." ಆಕೆ ಸಿಟ್ಟಿನಲ್ಲಿರಲಿಲ್ಲ, ಅದೇ ಅವನಿಗೆ ತಾಳಲಾಗಲಿಲ್ಲ. "ಆವತ್ತಿಂದ ಈ ಊರಲ್ಲಿ ಒಬ್ರಲ್ಲ ಒಬ್ರು ನ‌ನ್ನ ಅಂದ್ರು. ನಿಮ್ಮಪ್ಪ ಸಾಯೋವರ್ಗೂ ಅಂದ. ನೀನೊಬ್ನೇ ಒಂದ್ ದಿನಾನೂ ಅನ್ಲಿಲ್ಲ. ನನ್ ಮುಖ ನೋಡಿ ತಟ್ಟೆ ಬಿಟ್ಟು ಎದ್ದು ಹೋಗ್ತಿದ್ದೆ, ಮಾರನೇ ದಿನ ಹಣ್ಣು ತಂದು ಕೊಡ್ತಿದ್ದೆ. ಈ ಮಗ ನನ್ನ ಮನ್ನಿಸಿದ್ದಾನೆ ಅಂತ ತಿಳ್ಕೊಂಡೆ ಕಣೋ. ದಿನಾ ಮಲಗೋ ಮುಂಚೆ ಅದಕ್ಕೇ ದೇವರಿಗೆ ಕೈ ಮುಗೀತಿದ್ದೆ, ಲೀಮನ್ ನನ್ನ ಮನ್ನಿಸಿದ್ದಾನೆ, ಅದೊಂದು ಸಾಕು ಅಂತ." ಆಕೆ ಬಿಳಿಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಇವತ್ತು ಏನಂತ ಕೈ ಮುಗೀಲಿ? ಹೇಳು."

ಆಕೆ ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು, ಮಗನ ಮುಖವನ್ನೇ ನೋಡುತ್ತ ಉತ್ತರಕ್ಕಾಗಿ ಕಾದು ಕೂತಳು.